ಐಸ್ ಟೀ ಕಹಿಯಾಗದಂತೆ, ಬಗ್ಗಡವಾಗದಂತೆ
ಬಾಡುತ್ತಿದ್ದ ನಿಂಬೆಹಣ್ಣು, ಮಿಕ್ಕ ಶುಂಠಿ, ಹಿತ್ತಲ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಹಾಕಿ ಮಾಡಿದ ಐಸ್ ಟೀ ಕಹಿಯಾಯ್ತು, ಫ್ರಿಜ್ಜಲ್ಲಿಟ್ಟ ಮೇಲೆ ಬಗ್ಗಡವೂ ಆಯ್ತು ಅಂದಿದ್ದೀರಿ. ಚಹಾಪುಡಿಯನ್ನೂ ಜೊತೆಗೇ ಕುದಿಸಿದ್ದೇ ಕಹಿಗೆ ಕಾರಣ. ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಮನೆಗಳಲ್ಲಿರುವ ಸಣ್ಣ ಪುಡಿ ಹಾಲಿಗೆ ಸರಿ, ಹಾಲಿಲ್ಲದೆ ಕುದಿಸಿದರೆ ಬರೀ ಒಗರು.

ಅರ್ಧ ಲೀಟರ್ ನೀರಿಗೆ ಜಜ್ಜಿದ ಒಂದಿಂಚು ಶುಂಠಿ, ಗಂಟು ಹಾಕಿದ ನಾಲ್ಕು ಎಸಳು ಹುಲ್ಲು ಹಾಕಿ 5 ನಿಮಿಷ ಕುದಿಸಿ. ಒಲೆ ಆರಿಸಿ, 2 ಟೀಚಮಚ ಪುಡಿ ಹಾಕಿ ಮುಚ್ಚಿಡಿ. 3 ನಿಮಿಷಕ್ಕೆ ಸೋಸಿ, ಚರಟ ಒತ್ತಬೇಡಿ. ಬಿಸಿಯಲ್ಲೇ 4 ದೊಡ್ಡ ಚಮಚ ಸಕ್ಕರೆ ಕರಗಿಸಿ, ಇನ್ನರ್ಧ ಲೀಟರ್ ಕುದಿಸಿ ಆರಿಸಿದ ನೀರು ಸೇರಿಸಿ.

ಗಟ್ಟಿ ಡಿಕಾಕ್ಷನ್ ತಣ್ಣಗಾದಾಗ ಚಹಾದ ಒಗರಿನ ಅಂಶವಾದ ಟ್ಯಾನಿನ್ ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಗ್ಗಡ ಅಂದರೆ ಅದೇ. ಕೆಟ್ಟಿದೆ ಅಂತ ಚೆಲ್ಲಬೇಡಿ, ಸ್ವಲ್ಪ ಕುದಿನೀರು ಬೆರೆಸಿದರೆ ತಿಳಿಯಾಗುತ್ತದೆ. ಇನ್ನು ಮುಂದೆ ಮೊದಲೇ ನೀರು ಬೆರೆಸಿ, ಹೊರಗೆ ಪೂರ್ತಿ ಆರಿದ ಮೇಲೆ ಫ್ರಿಜ್ಜಿಗಿಡಿ.

ನಿಂಬೆರಸ ಕೊನೆಗೆ, ಎರಡು ಹಣ್ಣಿನದು. ಬಾಡಿದ ಹಣ್ಣನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತಿಟ್ಟು ಹಿಂಡಿದರೆ ರಸ ಚೆನ್ನಾಗಿ ಬಿಡುತ್ತದೆ. ಸಿಪ್ಪೆ ಮಾತ್ರ ಒಳಗೆ ಬಿಡಬೇಡಿ, ಅದೂ ಕಹಿಯೇ. ನಿಂಬೆ ಸಾಲದಿದ್ದರೆ ನಾಲ್ಕು ಒಣ ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರು ಹಾಕಿ, ಬಣ್ಣವೂ ಚಂದ. ಸಕ್ಕರೆ ಬದಲು ಜೋನಿಬೆಲ್ಲ (ನೀರಾದ ಬೆಲ್ಲ) ಬೇಡ, ಅದರ ರುಚಿ ಹುಲ್ಲಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಮಾಡಿದ್ದನ್ನು ಮರುದಿನದೊಳಗೆ ಕುಡಿದು ಮುಗಿಸಿ.