ಗಾಂಜಾ ಸೇದಿದವನಿಗೆ ಜೈಲೇ ಯಾಕೆ?

ಸರ್, ಚಿಂತಾಮಣಿಯಲ್ಲಿ ನಿಮ್ಮ ಅಣ್ಣನ ಮಗ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದಾನೆ, ಕೆನಡಾದ ಹಾಗೆ ಇಲ್ಲೂ ಅಂಗಡಿಯಲ್ಲಿ ಮಾರೋಕೆ ಬಿಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ ಅಲ್ವಾ ಅಂತ ಕೇಳಿದ್ದೀರಿ.

ಅರ್ಧ ಒಪ್ಪುತ್ತೇನೆ. ಸೇದಿದವನನ್ನು ಜೈಲಿಗೆ ಹಾಕಬಾರದು. ಆದರೆ ಅಂಗಡಿ ಬೇಡ. ವ್ಯಾಪಾರ ಅಂತ ಶುರುವಾದರೆ ಜಾಸ್ತಿ ಸೇದಿಸುವುದರಲ್ಲೇ ಲಾಭ. ಸುಮ್ನೆ ನಿಷೇಧ ಮಾಡಿದರೂ ಸಾಲದು; 2007ರಲ್ಲಿ ನಮ್ಮಲ್ಲಿ ಸಾರಾಯಿ ನಿಂತಿತು, ಕುಡಿತ ನಿಂತಿತಾ? ನನಗೆ ಹಿಡಿಸಿದ್ದು ಪೋರ್ಚುಗಲ್ 2001ರಲ್ಲಿ ಮಾಡಿದ್ದು. ಮಾರಾಟ ಅಪರಾಧವಾಗಿಯೇ ಉಳಿಯಿತು. ಸ್ವಂತಕ್ಕೆ ಸ್ವಲ್ಪ ಇಟ್ಟುಕೊಂಡವರನ್ನು ಮಾತ್ರ ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಕಳಿಸಿದರು, ಚಿಕಿತ್ಸೆಗೂ ದುಡ್ಡು ಹಾಕಿದರು.

ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ಒಬ್ಬ ಹುಡುಗನನ್ನು ಬಲ್ಲೆ. ಒಂದು ಬೀಡಿಯಷ್ಟು ಗಾಂಜಾಕ್ಕೆ ಕೇಸಾಯಿತು. ವಾಯಿದೆ ಇದ್ದ ದಿನ ಕೂಲಿ ಇಲ್ಲ. ವಕೀಲರ ಫೀಸಿಗೆ ಅವರಮ್ಮ ಕಿವಿ ಓಲೆ ಅಡವಿಟ್ಟರು. ಅವನಿಗೆ ಮಾರಿದವನು ಯಾರು ಅಂತ ಯಾರೂ ಕೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಿಮ್ಮ ಹುಡುಗನ ವಿಷಯಕ್ಕೆ ಬರೋಣ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದರಲ್ಲೇ 64ಎ ಸೆಕ್ಷನ್ ಇದೆ. ಚಟ ಹತ್ತಿದವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಸಿಗಬಹುದು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವಕೀಲರ ಹತ್ತಿರ ಮೊದಲು ಇದನ್ನೇ ಕೇಳಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಉಚಿತ. ಅಣ್ಣನಿಗೂ ಹೇಳಿ, ಹುಡುಗನನ್ನು ಹೊಡೆಯೋದು ಬೇಡ.