ಮೋಸದ ಮೆಸೇಜ್: ದೂರು ಯಾರಿಗೆ ಕೊಡಬೇಕು?

ಪ್ರಶ್ನೆ: ‘ಪಾರ್ಸೆಲ್ ನಿಂತಿದೆ, ವಿಳಾಸ ಸರಿಮಾಡಿ’ ಅಂತ ಒಂದು ಮೆಸೇಜ್ ಬಂತು. ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಟ್ಟೆ, ಓಟಿಪಿಯನ್ನೂ ಹಾಕಿದೆ. ಎರಡು ಸಲ ಹಣ ಹೋಯಿತು. ತಪ್ಪು ನನ್ನದೇ ಅಂತ ಮನೆಯಲ್ಲೂ ಹೇಳಿಲ್ಲ. ಎರಡು ದಿನ ಆಯ್ತು. ಈಗ ದೂರು ಕೊಟ್ಟರೆ ಪ್ರಯೋಜನ ಇದೆಯಾ?

ಉತ್ತರ: ಇದೆ. ಉತ್ತರ ಪೂರ್ತಿ ಓದುವುದು ಆಮೇಲಾಗಲಿ, ಮೊದಲು ಬ್ಯಾಂಕಿಗೆ ಫೋನ್ ಮಾಡಿ. ನಂಬರ್ ನಿಮ್ಮ ಕಾರ್ಡಿನ ಹಿಂದೆ ಇರುತ್ತದೆ, ಅದನ್ನೇ ಬಳಸಿ. ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಕಸ್ಟಮರ್ ಕೇರ್ ಅಂತ ಸುಳ್ಳು ನಂಬರ್ ಹಾಕಿ ಕಾಯುವವರೂ ಅಲ್ಲೇ ಇದ್ದಾರೆ. ಕಾರ್ಡ್ ಬ್ಲಾಕ್ ಮಾಡಿಸಿ, ಎರಡೂ ವಹಿವಾಟು ನಾನು ಮೋಸಹೋಗಿ ಮಾಡಿದ್ದು ಅಂತ ನೇರವಾಗಿ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಓಟಿಪಿ ಕೊಟ್ಟಿದ್ದನ್ನು ಮುಚ್ಚಿಡಬೇಡಿ. ಅದು ಬ್ಯಾಂಕಿನ ದಾಖಲೆಯಲ್ಲಿ ಇದ್ದೇ ಇರುತ್ತದೆ, ಆಮೇಲೆ ನಿಮ್ಮ ಮಾತೇ ನಿಲ್ಲುವುದಿಲ್ಲ.

ಅವಸರ ಯಾಕೆ ಅಂದರೆ, ಕದ್ದ ಹಣ ಒಂದೇ ಖಾತೆಯಲ್ಲಿ ಕೂತಿರುವುದಿಲ್ಲ. ಯಾರದೋ ಹೆಸರಿನಲ್ಲಿ ತೆರೆಸಿದ ಬಾಡಿಗೆ ಖಾತೆಗೆ ಬರುತ್ತದೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಕೊನೆಗೆ ಯಾರೋ ಎಟಿಎಮ್ಮಿನಲ್ಲಿ ತೆಗೆಯುತ್ತಾರೆ ಅಥವಾ ಕ್ರಿಪ್ಟೋ ಕೊಳ್ಳುತ್ತಾರೆ. ಬ್ಯಾಂಕುಗಳ ಒಳಗೆ ಓಡಾಡುತ್ತಿರುವ ತನಕ ಅದನ್ನು ತಡೆಹಿಡಿಯಬಹುದು, ಹೊರಗೆ ಹೋದಮೇಲೆ ಬಹಳ ಕಷ್ಟ. ಎರಡು ದಿನದಲ್ಲಿ ಅವಕಾಶ ಕಡಿಮೆಯಾಗಿದೆ, ನಿಜ. ಪೂರ್ತಿ ಮುಗಿದಿದೆ ಅಂತ ಮಾತ್ರ ನೀವೇ ತೀರ್ಮಾನ ಮಾಡಬೇಡಿ.

ಬ್ಯಾಂಕ್ ಆದಮೇಲೆ ಪೊಲೀಸರ ಸೈಬರ್ ವಿಭಾಗ. ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಭಾರತದಲ್ಲಿದ್ದರೆ 1930ಕ್ಕೆ ಫೋನ್ ಮಾಡಿ, ಜೊತೆಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ಅಮೆರಿಕದಲ್ಲಾದರೆ ಎಫ್‌ಬಿಐನ ಐಸಿ3 ಅನ್ನುವ ತಾಣವಿದೆ. ಬೇರೆ ದೇಶವಾದರೆ ಅಲ್ಲಿನ ಪೊಲೀಸರ ಅಧಿಕೃತ ತಾಣದಿಂದಲೇ ಶುರುಮಾಡಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಏನನ್ನೂ ಡಿಲೀಟ್ ಮಾಡಬೇಡಿ. ನಮ್ಮ ಚಿಕ್ಕಮ್ಮನಿಗೆ ಇಂಥದ್ದೇ ಆದಾಗ ನಾಚಿಕೆಯಿಂದ ಆ ನಂಬರ್, ಚಾಟು, ಕಾಲ್ ಲಿಸ್ಟು ಎಲ್ಲ ಅಳಿಸಿಬಿಟ್ಟಿದ್ದರು. ದೂರು ಬರೆಯಲು ಕೂತಾಗ ಕೈಯಲ್ಲಿ ಉಳಿದಿದ್ದು ಬ್ಯಾಂಕಿನಿಂದ ಬಂದ ಒಂದೇ ಒಂದು ಎಸ್ಸೆಮ್ಮೆಸ್. ಅದರಲ್ಲಿ ವಹಿವಾಟಿನ ನಂಬರ್, ಹೊತ್ತು, ಮೊತ್ತ ಇತ್ತು. ಆ ಒಂದು ಸಾಲಿನ ಮೇಲೆಯೇ ದೂರು ನಿಂತಿತು. ಮೊದಲ ಎರಡು ದಿನ ಅವರು ಸರಿಯಾಗಿ ಊಟ ಮಾಡಿರಲಿಲ್ಲ, ನಮಗೆ ಯಾರಿಗೂ ಕಾರಣ ಗೊತ್ತಿರಲಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ಇವತ್ತೇ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೇಳಿ. ಮೋಸ ಮಾಡಿದವನು ದಿನವಿಡೀ ಅದೇ ಕೆಲಸ ಮಾಡುವವನು, ನೀವು ಒಂದು ಕ್ಷಣ ಗಡಿಬಿಡಿಯಲ್ಲಿ ಇದ್ದವರು, ಅಷ್ಟೇ ಅಲ್ವಾ?

ಮುಂದಿನ ಕೆಲವು ವಾರ ಹುಷಾರಾಗಿರಿ. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸ್ ಕಟ್ಟಿ’ ಅಂತ ಫೋನ್ ಬಂದರೆ ಅದೂ ಮೋಸವೇ. ಒಮ್ಮೆ ಮೋಸಹೋದವರ ನಂಬರ್‌ಗಳು ಇಂಥವರ ನಡುವೆ ಕೈಯಿಂದ ಕೈಗೆ ಹೋಗುತ್ತವೆ.

ಪ್ರಶ್ನೆ: ನಾನು ಹಣ ಕಳೆದುಕೊಂಡಿಲ್ಲ. ಆದರೆ ನನ್ನ ಬ್ಯಾಂಕಿನ ಹೆಸರಿನಲ್ಲಿ ನಕಲಿ ಮೇಲ್ ಬರುತ್ತಲೇ ಇದೆ, ಲಿಂಕ್ ಒತ್ತಿದರೆ ಥೇಟ್ ಬ್ಯಾಂಕಿನ ಪುಟದ ಹಾಗೇ ಕಾಣುತ್ತದೆ. ಡಿಲೀಟ್ ಮಾಡಿ ಸುಮ್ನೆ ಇದ್ದರೆ ಸಾಲದಾ?

ಉತ್ತರ: ನಿಮ್ಮ ಮಟ್ಟಿಗೆ ಸಾಕು. ಆದರೆ ಅದೇ ಲಿಂಕ್ ಈ ಹೊತ್ತಿನಲ್ಲಿ ಬೇರೆ ಯಾರದೋ ಫೋನಿನಲ್ಲೂ ಇದೆ. ಐದು ನಿಮಿಷ ಕೊಡಿ.

ಇಲ್ಲಿ ಪೊಲೀಸರಿಗಿಂತ ಬೇಗ ಕೆಲಸ ಮಾಡಬಲ್ಲವರು ಬೇರೆ ಇದ್ದಾರೆ. ಆ ನಕಲಿ ಪುಟ ನಿಂತಿರುವುದು ಯಾರೋ ಬಾಡಿಗೆಗೆ ಕೊಟ್ಟ ಸರ್ವರ್ ಮೇಲೆ, ಅದರ ಹೆಸರನ್ನು, ಅಂದರೆ ವೆಬ್ ವಿಳಾಸವನ್ನು, ಮಾರಿದ ಇನ್ನೊಂದು ಕಂಪನಿ ಇದೆ. ಈ ಇಬ್ಬರಲ್ಲಿ ಯಾರೊಬ್ಬರು ಸ್ವಿಚ್ ಆರಿಸಿದರೂ ಪುಟ ಸಾಯುತ್ತದೆ. ಮೊದಲು ವಿಳಾಸ ಸರಿಯಾಗಿ ಓದಿ. ಮೊದಲ ಒಂಟಿ ಓರೆಗೆರೆಯ (/) ತನಕ ಇರುವ ಭಾಗ ತಗೊಳ್ಳಿ, ಅದನ್ನು ಬಲದಿಂದ ಎಡಕ್ಕೆ ಓದಿ. ಬ್ಯಾಂಕಿನ ಹೆಸರು ಎಡಗಡೆ ಎಲ್ಲೋ ಇದ್ದು, ಡಾಟ್ ಕಾಮ್‌ಗೆ ಅಂಟಿಕೊಂಡಂತೆ ಬೇರೇನೋ ಪದ ಇದ್ದರೆ ಆ ಬೇರೇನೋ ಪದವೇ ಅದರ ನಿಜವಾದ ಹೆಸರು. ಆ ಹೆಸರನ್ನು ಹೂಈಸ್ (ವೆಬ್ ಹೆಸರು ಯಾರ ಮೂಲಕ ನೋಂದಣಿಯಾಗಿದೆ ಅಂತ ತೋರಿಸುವ) ಹುಡುಕಾಟದಲ್ಲಿ ಹಾಕಿ. ಹೆಸರು ಮಾರಿದ ಕಂಪನಿ ಯಾವುದು, ದುರ್ಬಳಕೆಯ ದೂರು ಯಾವ ಮೇಲ್‌ಗೆ ಕಳಿಸಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಡಾಟ್ ಕಾಮ್, ಡಾಟ್ ನೆಟ್‌ನಂಥ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ನಿಯಮ ಬಿಗಿ ಮಾಡಿದೆ. ಫಿಶಿಂಗ್ (ನಕಲಿ ಪುಟ ತೋರಿಸಿ ಗುಟ್ಟಿನ ವಿವರ ಕದಿಯುವುದು) ಅಂತ ಸಾಕ್ಷಿ ಸಮೇತ ದೂರು ಬಂದರೆ ಹೆಸರು ಮಾರಿದವರು ಕ್ರಮ ಕೈಗೊಳ್ಳಲೇಬೇಕು. ಸಾಕ್ಷಿ ಅಂದರೆ ಪೂರ್ತಿ ಲಿಂಕ್, ಸ್ಕ್ರೀನ್‌ಶಾಟ್, ನೋಡಿದ ದಿನ, ಹೊತ್ತು. ‘ಇವರು ಕಳ್ಳರು, ಬಿಡಬೇಡಿ’ ಅಂತ ಮಾತ್ರ ಬರೆದರೆ ಯಾರೂ ಏನೂ ಮಾಡಲಾರರು.

ಅದೇ ಲಿಂಕನ್ನು ಗೂಗಲ್ ಸೇಫ್ ಬ್ರೌಸಿಂಗ್‌ಗೂ ಕಳಿಸಿ. ಅವರು ಒಪ್ಪಿಕೊಂಡರೆ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ. ನನಗೆ ತುಂಬಾ ಇಷ್ಟವಾದ ದಾರಿ ಇದು, ಯಾಕೆಂದರೆ ಪುಟ ಇನ್ನೂ ತೆಗೆದಿಲ್ಲದಿದ್ದರೂ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ನಿಮ್ಮ ಬ್ಯಾಂಕಿಗೂ ಒಂದು ಪ್ರತಿ ಹಾಕಿ.

ಆ ನಕಲಿ ಮೇಲನ್ನು ಕಳಿಸುವಾಗ ಬರೀ ಫಾರ್ವರ್ಡ್ ಒತ್ತಬೇಡಿ, ಅಟ್ಯಾಚ್‌ಮೆಂಟ್ ಮಾಡಿ ಕಳಿಸಿ. ಮೇಲ್ ಎಲ್ಲಿಂದ ಬಂತು ಅನ್ನುವುದು ಕಣ್ಣಿಗೆ ಕಾಣದ ಹೆಡರ್‌ನಲ್ಲಿ ಇರುತ್ತದೆ, ಫಾರ್ವರ್ಡ್ ಮಾಡಿದರೆ ಅದು ಹೋಗಿಬಿಡುತ್ತದೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಕೊಟ್ಟರೆ ನೀವೂ ನೋಡಬಹುದು. ದಾರಿಯಲ್ಲಿ ಬಂದ ಒಂದೊಂದು ಸರ್ವರೂ ‘ರಿಸೀವ್ಡ್’ ಅಂತ ಒಂದೊಂದು ಸಾಲು ಮೇಲೆ ಸೇರಿಸುತ್ತಾ ಹೋಗುತ್ತದೆ. ಕೆಳಗಿನ ಸಾಲುಗಳನ್ನು ಮೋಸಗಾರ ತಾನೇ ಬರೆದಿರಬಹುದು, ನಿಮ್ಮ ಮೇಲ್ ಸೇವೆಯೇ ಬರೆದ ಮೇಲಿನ ಸಾಲುಗಳನ್ನು ಅವನು ಮುಟ್ಟಲಾರ. ಇನ್ನು ‘ಫ್ರಮ್’ ಅಂತ ಕಾಣುವ ಹೆಸರು ಲಕೋಟೆಯ ಹಿಂದೆ ಬರೆದ ವಿಳಾಸ ಇದ್ದ ಹಾಗೆ. ಯಾರು ಏನು ಬೇಕಾದರೂ ಬರೆಯಬಹುದು.

ಪ್ರಶ್ನೆ: ದಿನಕ್ಕೆ ಹತ್ತಾರು ಜಾಹೀರಾತು ಮೆಸೇಜ್. ಅನ್‌ಸಬ್‌ಸ್ಕ್ರೈಬ್ ಒತ್ತಲಾ?

ಉತ್ತರ: ನೀವೇ ಎಂದೋ ನೋಂದಾಯಿಸಿದ, ಪರಿಚಯದ ಕಂಪನಿಯಾದರೆ ಒತ್ತಿ. ಯಾರೋ ಗೊತ್ತಿಲ್ಲದಿದ್ದರೆ ಬೇಡ, ಉತ್ತರವನ್ನೂ ಕೊಡಬೇಡಿ. ಈ ವಿಳಾಸದಲ್ಲಿ ಓದುವವರಿದ್ದಾರೆ ಅಂತ ನೀವೇ ತಿಳಿಸಿದ ಹಾಗಾಗುತ್ತದೆ. ಮೇಲ್ ಆದರೆ ‘ಸ್ಪ್ಯಾಮ್’ ಗುಂಡಿ ಒತ್ತಿದರೆ ಸಾಕು, ಫಿಲ್ಟರ್ ಅದರಿಂದಲೇ ಕಲಿಯುತ್ತದೆ. ಎಸ್ಸೆಮ್ಮೆಸ್ ಆದರೆ ಮೊಬೈಲ್ ಕಂಪನಿಗೆ ಹೇಳಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಅದನ್ನು 7726ಕ್ಕೆ ಕಳಿಸುತ್ತಾರೆ (ಕೀಪ್ಯಾಡಿನಲ್ಲಿ ‘ಸ್ಪ್ಯಾಮ್’ ಅನ್ನುವ ಅಕ್ಷರಗಳು ಕೂತಿರುವ ಅಂಕಿಗಳು ಅವು), ಭಾರತದಲ್ಲಿ 1909ಕ್ಕೆ. ಜಾಹೀರಾತಲ್ಲ, ಮೋಸದ ವಾಸನೆ ಇರುವ ಕರೆ ಅಥವಾ ಮೆಸೇಜ್ ಆದರೆ ಭಾರತದಲ್ಲಿ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗಕ್ಕೆ ಹೋಗಿ. ಹಣ ಹೋಗಿದ್ದರೆ ಮಾತ್ರ ಇಲ್ಲೆಲ್ಲೂ ನಿಲ್ಲದೆ ಬ್ಯಾಂಕ್ ಮತ್ತು 1930.