ಮಡಿಲಲ್ಲಿರುವ ಗೊಂಬೆಯನ್ನು ಕಸಿದುಕೊಳ್ಳಬೇಕೇ?

ಪ್ರಶ್ನೆ: ನನ್ನ ಅತ್ತೆಗೆ 83 ವರ್ಷ. ಮರೆವಿನ ಕಾಯಿಲೆ ಶುರುವಾಗಿ ಏಳು ವರ್ಷಗಳಾದವು. ಈಗ ಸ್ವಂತ ಮಗನ ಗುರುತೂ ಸಿಗುವುದಿಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ಮೊಮ್ಮಗಳಿಗೆಂದು ತಂದಿದ್ದ ಬಟ್ಟೆಯ ಗೊಂಬೆಯನ್ನು ಒಂದು ದಿನ ಜಗಲಿಯಿಂದ ಎತ್ತಿಕೊಂಡವರು ಈಗ ಅದನ್ನು ಬಿಟ್ಟಿರುವುದಿಲ್ಲ. ‘ಕೂಸಿಗೆ ಚಳಿ ಆಗ್ತು’ ಎಂದು ಸೆರಗು ಹೊದೆಸುತ್ತಾರೆ. ಮುಚ್ಚಂಜೆಯಾದರೆ ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಿದ್ದುದು ಬಹಳ ಕಡಿಮೆಯಾಗಿದೆ. ಆದರೆ ಬಂದ ನೆಂಟರು ನಗುತ್ತಾರೆ, ಅತ್ತೆಯನ್ನು ಮಗುವಿನಂತೆ ನಡೆಸಿಕೊಳ್ಳುತ್ತಿದ್ದೇವೆ ಎನ್ನುತ್ತಾರೆ. ನನ್ನ ಪತಿಗೂ ಇದು ಅವಮಾನವೆನಿಸಿದೆ. ಗೊಂಬೆಯನ್ನು ಅಡಗಿಸಿಡಬೇಕೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಅಡಗಿಸಬೇಡಿ. ಕೂಸು ಕಾಣೆಯಾದರೆ ತಾಯಿಗೆ ಆಗುವ ಗಾಬರಿಯೇ ಅವರಿಗೂ ಆದೀತು. ಕೂಸನ್ನು ಯಾರು ಒಯ್ದರು ಎಂದು ಹೇಳಲಾಗದ ಸ್ಥಿತಿಯಲ್ಲಿ ಆ ಗಾಬರಿ ಕೂಗಾಟವಾಗಿಯೋ ಹೊಡೆತವಾಗಿಯೋ ಹೊರಬರುತ್ತದೆ.

ಡಿಮೆನ್ಷಿಯಾದಲ್ಲಿ, ಅದರಲ್ಲೂ ಅಲ್ಝೈಮರ್ ಕಾಯಿಲೆಯಲ್ಲಿ, ಮೊದಲು ಅಳಿಸಿಹೋಗುವುದು ನಿನ್ನೆ ಮೊನ್ನೆಯ ನೆನಪು. ಹಳೆಯ ನೆನಪುಗಳೂ ಕೈ ಕಲಿತ ಕೆಲಸಗಳೂ ಭಾವನೆಗಳೂ ಎಷ್ಟೋ ಕಾಲ ಉಳಿಯುತ್ತವೆ. ಶಿಶುವಿಗೂ ತಾಯಿಗೂ ನಡುವಿನ ನಂಟನ್ನು ಕುರಿತು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ಬೆರೆ ಮೀಸೆನ್ ಮುಂದೆ ಮರೆವಿನ ರೋಗಿಗಳಿಗೂ ಅನ್ವಯಿಸಿದರು: ಎಂದೋ ತೀರಿಕೊಂಡ ಅಪ್ಪ ಅಮ್ಮನನ್ನು ಇವರು ಕರೆಯುವುದು ಪರಕೀಯವಾಗಿಬಿಟ್ಟ ಜಗತ್ತಿನಲ್ಲಿ ಆಸರೆಯನ್ನು ಹುಡುಕುವ ಬಗೆ ಎಂದು. ನಿಮ್ಮ ಅತ್ತೆ ಮುಚ್ಚಂಜೆಯಲ್ಲಿ ಕೇಳುತ್ತಿದ್ದ ‘ಮನೆ’ಯೂ ಬಹುಶಃ ಅಂಥದೇ. ಗೊಂಬೆ ಆ ಆಸರೆಯ ಜೊತೆಗೆ ಇನ್ನೊಂದನ್ನೂ ಕೊಡುತ್ತದೆ. ದಿನವಿಡೀ ಇತರರಿಂದ ಆರೈಕೆ ಪಡೆಯುವವರಿಗೆ ತಾವೇ ಒಬ್ಬರನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಕುಮಟಾದ ಒಂದು ಮನೆಯಲ್ಲಿ ನಾನು ಕಂಡ ಅಜ್ಜಿಗೆ ಮಾತು ಪೂರ್ತಿ ನಿಂತಿತ್ತು. ಆದರೂ ಅವರು ಆಗಾಗ ಗೊಂಬೆಯ ಅಂಗಾಲನ್ನು ಮುಟ್ಟಿ ತಣ್ಣಗಿದೆಯೇ ಎಂದು ನೋಡುತ್ತಿದ್ದರು, ತಣ್ಣಗಿದ್ದರೆ ಎರಡು ಅಂಗೈಗಳ ನಡುವೆ ಇಟ್ಟು ಉಜ್ಜುತ್ತಿದ್ದರು. ಅದನ್ನು ಯಾರೂ ಅವರಿಗೆ ಆ ವಯಸ್ಸಿನಲ್ಲಿ ಕಲಿಸಿದ್ದಲ್ಲ.

ನಿಮ್ಮ ಪತಿಯ ಸಂಕಟವನ್ನು ಹಗುರವಾಗಿ ಕಾಣಬಾರದು. ಹಿರಿಯರನ್ನು ಮಗುವಿನಂತೆ ನಡೆಸಿಕೊಳ್ಳುವುದೂ ಅವರ ವ್ಯಕ್ತಿತ್ವವನ್ನು ಸವೆಸುತ್ತದೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಎಚ್ಚರಿಸಿದ್ದರು. ಆದರೆ ಇಲ್ಲಿ ನಿಮ್ಮ ಅತ್ತೆ ಮಗುವಾಗಿಲ್ಲ, ತಾಯಿಯಾಗಿದ್ದಾರೆ. ಬೇಡವೆಂದವರ ಕೈಗೆ ಗೊಂಬೆ ತುರುಕಿ ಸುಮ್ಮನೆ ಕೂರಿಸುವುದು ತಪ್ಪು. ತಾವಾಗಿ ಎತ್ತಿಕೊಂಡವರಿಂದ ಕಸಿಯುವುದೂ ಅಷ್ಟೇ ತಪ್ಪು. ನೆಂಟರು ಬಂದಾಗ ಅಂಗಳದಲ್ಲೇ ಎರಡು ಮಾತು ಹೇಳಿ ಒಳಕ್ಕೆ ಕರೆತನ್ನಿ. ಫೋಟೋ ತೆಗೆಯಲು ಮಾತ್ರ ಬಿಡಬೇಡಿ.

ಸುಳ್ಳು ಹೇಳಬೇಕಾಗುತ್ತದಲ್ಲ ಎಂಬ ಅಳುಕು ಹಲವರಿಗಿದೆ. ಅವರು ‘ಕೂಸು’ ಎಂದರೆ ನೀವೂ ಹಾಗೆನ್ನಿ, ‘ಗೊಂಬೆ’ ಎಂದರೆ ಗೊಂಬೆಯೆನ್ನಿ. ಇದು ಯಾರ ಮಗು ಎಂದು ಅವರೇ ಕೇಳಿದರೆ ‘ನಿಮಗೇನನ್ನಿಸುತ್ತದೆ ಅತ್ತೆ?’ ಎಂದು ಮಾತು ಮುಂದುವರಿಸಬಹುದು. ಗೊಂಬೆಯನ್ನು ಕಾಲು ಹಿಡಿದು ನೇತಾಡಿಸುವುದು, ಮಂಚದ ಮೇಲೆ ಎಸೆಯುವುದು ಅವರ ಕಣ್ಣೆದುರಿಗೆ ಆಗದಂತೆ ಮಕ್ಕಳಿಗೆ ಹೇಳಿಡಿ. ತೊಳೆಯಬೇಕಾದಾಗ ಕೂಸಿಗೆ ಸ್ನಾನ ಮಾಡಿಸೋಣವೆಂದು ಕೇಳಿ ಪಡೆಯಿರಿ. ಅಂಥದೇ ಇನ್ನೊಂದು ಗೊಂಬೆ ಮನೆಯಲ್ಲಿದ್ದರೆ ಒಣಗುವವರೆಗೆ ಅನುಕೂಲ, ಆದರೆ ಎರಡನ್ನೂ ಒಟ್ಟಿಗೆ ತೋರಿಸಬೇಡಿ. ಕಣ್ಣಿಗೆ ಹೊಲಿದ ಗುಂಡಿ, ಮಣಿಗಳನ್ನು ಇಂದೇ ಕತ್ತರಿಸಿ ತೆಗೆದು ದಾರದಲ್ಲಿ ಕಣ್ಣು ಹೊಲಿಯಿರಿ. ಈ ಹಂತದಲ್ಲಿ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಕಣ್ಣು ತೆರೆದೇ ಇರಲಿ, ಸದಾ ಮುಚ್ಚಿದ್ದರೆ ಮಗು ಸತ್ತಿದೆಯೆಂದು ಕೆಲವರು ಭಯಪಡುತ್ತಾರೆ. ಬ್ಯಾಟರಿ ಹಾಕಿದರೆ ಅಳುವ ಗೊಂಬೆ ಖಂಡಿತ ಬೇಡ.

ಕೆಲವರು ತಮ್ಮ ತಟ್ಟೆಯ ಅನ್ನವನ್ನೆಲ್ಲ ಗೊಂಬೆಯ ಬಾಯಿಗೆ ಒತ್ತಿ ತಾವು ಉಪವಾಸವಿರುತ್ತಾರೆ, ಇನ್ನು ಕೆಲವರು ಮಗು ಮಲಗಿಲ್ಲವೆಂದು ರಾತ್ರಿಯಿಡೀ ಎಚ್ಚರವಿರುತ್ತಾರೆ. ಕೂಸನ್ನು ನಾನು ಹಿಡಿದುಕೊಳ್ಳುತ್ತೇನೆ, ನೀವು ಉಣ್ಣಿ ಎಂದರೆ ಎಷ್ಟೋ ಬಾರಿ ಕೆಲಸವಾಗುತ್ತದೆ. ಹಿಂದೆ ಮಗುವನ್ನು ಕಳೆದುಕೊಂಡ ತಾಯಂದಿರಲ್ಲಿ ಗೊಂಬೆ ಹಳೆಯ ದುಃಖವನ್ನು ಕೆದಕಬಹುದು. ಅತ್ತೆ ಅದನ್ನು ಹಿಡಿದು ಅಳತೊಡಗಿದರೆ ಮೆಲ್ಲಗೆ ಬೇರೆ ಕಡೆ ಗಮನ ಸೆಳೆಯಿರಿ.

ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಇದುವರೆಗಿನ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ಚಡಪಡಿಕೆ ತಗ್ಗಿ, ಮಾತುಕತೆ ಹೆಚ್ಚಿದ್ದನ್ನು ಅವು ಹೇಳುತ್ತವೆಯಾದರೂ ಎಲ್ಲರಿಗೂ ಹೀಗಾಗುವುದಿಲ್ಲ. ಹಾಗಿದ್ದೂ ನಾನು ಗೊಂಬೆಯ ಪರವಾಗಿರುವುದಕ್ಕೆ ಕಾರಣವಿದೆ. ಚಡಪಡಿಕೆಗೆಂದು ಕೊಡುವ ಕೆಲವು ಮನೋರೋಗದ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ನೀಡಿದೆ. ನಿಮ್ಮ ಅತ್ತೆಗೆ ಅಂಥ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸದೆ, ಈಗಿನ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ. ಚಡಪಡಿಕೆ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೊದಲು ಮಲಬದ್ಧತೆ, ಉರಿಮೂತ್ರ, ಹಲ್ಲುನೋವುಗಳನ್ನು ಪರೀಕ್ಷಿಸಬೇಕು. ನೋವಿಗೆ ಗೊಂಬೆ ಮದ್ದಲ್ಲ.

ಪ್ರಶ್ನೆ: ನಮ್ಮ ತಂದೆ ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆದು ಬದುಕಿದವರು. ಈಗ ತೀವ್ರ ಮರೆವು. ದಿನವಿಡೀ ಲುಂಗಿಯ ಅಂಚನ್ನು ಎಳೆದು ಹರಿಯುತ್ತಾರೆ. ಗೊಂಬೆ ಕೊಟ್ಟರೆ ಎಸೆದರು. ಜಪಾನಿನಲ್ಲಿ ಸೀಲ್ ಮರಿಯ ಆಕಾರದ ಯಂತ್ರವೊಂದು ಇದೆಯಂತೆ, ತರಿಸಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಅದರ ಹೆಸರು ಪಾರೋ. ಮುಟ್ಟಿದರೆ ಕಣ್ಣು ಮಿಟುಕಿಸಿ ದನಿ ಮಾಡುವ ಒಳ್ಳೆಯ ಯಂತ್ರವೇ ಸರಿ, ಆದರೆ ಬೆಲೆ ಲಕ್ಷಗಟ್ಟಲೆ ರೂಪಾಯಿ. ಗೊಂಬೆಯನ್ನು ಎಸೆದವರು ಇದನ್ನು ಎಸೆಯುವುದಿಲ್ಲವೆಂದು ಹೇಳುವುದು ಹೇಗೆ? ಗೊಂಬೆಯನ್ನು ಒಪ್ಪಿಕೊಳ್ಳುವ ಗಂಡಸರೂ ಇದ್ದಾರೆ, ಆದರೆ ನಿಮ್ಮ ತಂದೆ ತಮಗೆ ಬೇಕಾದುದನ್ನು ಲುಂಗಿಯ ಅಂಚಿನಲ್ಲಿ ಆಗಲೇ ತೋರಿಸುತ್ತಿದ್ದಾರೆ. ಹಳೆಯ ಹತ್ತಿಬಲೆಯ ತುಂಡೊಂದನ್ನು ಚೆನ್ನಾಗಿ ತೊಳೆದು, ಸೀಸದ ಗುಂಡುಗಳನ್ನೆಲ್ಲ ತೆಗೆದು ಅವರ ತೊಡೆಯ ಮೇಲೆ ಹರಡಿ. ನೈಲಾನಿನ ಬಲೆ ಬೇಡ, ಬೆರಳು ಕೊಯ್ಯುತ್ತದೆ. ಬಲೆಗೆ ಗಂಟು ಹಾಕಲೆಂದು ಕೈಗೆ ಕೊಡುವ ದಾರ ಗೇಣುದ್ದಕ್ಕಿಂತ ಹೆಚ್ಚಿರದಿರಲಿ, ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಪಕ್ಕದಲ್ಲಿ ಒಬ್ಬರು ಕುಳಿತಿರಲಿ. ಗಂಟು ತಪ್ಪಿದರೆ ತಿದ್ದಬೇಡಿ. ರಾತ್ರಿ ಅವರು ಮಲಗಿದ ಮೇಲೆ ಬಿಚ್ಚಿಟ್ಟರೆ ಬೆಳಿಗ್ಗೆ ಅದೇ ದಾರ ಮತ್ತೆ ಕೆಲಸಕ್ಕೆ ಬರುತ್ತದೆ.